ಸೆಲ್ಫ್ ತಗೋವಲ್ದರೀ!

ಬ್ಯಾಟರಿ ಇಳಿದ ಕಾರಿನ ಸುತ್ತ ಸೇರುವಷ್ಟು ತಜ್ಞರು ಬೇರೆ ಯಾವ ರೋಗಿಯ ಸುತ್ತಲೂ ಸೇರುವುದಿಲ್ಲ. ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಮಾಸ್ತರೊಬ್ಬರ ಹಳೆ ಕಾರು ಎರಡು ದಿನ ನಿಂತರೆ ಸಾಕು, ಮೂರನೇ ದಿನ ಮುನಿಸಿಕೊಳ್ಳುತ್ತಿತ್ತು. ಕೀಲಿ ತಿರುವಿದರೆ ಬರೀ ‘ಟಕ್ ಟಕ್’. “ಸೆಲ್ಫ್ ತಗೋವಲ್ದರೀ” ಎಂದು ಅವರು ಅಂದದ್ದೇ ತಡ, ಚಹಾದಂಗಡಿಯ ಬೆಂಚು ಖಾಲಿ. “ಡೈನಮೋ ಹೋಗೇತಿ” ಎಂದರು ಒಬ್ಬರು. “ಬ್ಯಾಟ್ರಿನ ಒಗೀರಿ” ಎಂದರು ಇನ್ನೊಬ್ಬರು. ಮೂರನೆಯವರು ಬಂಪರಿಗೆ ಕಟ್ಟಿದ್ದ ಒಣ ನಿಂಬೆಹಣ್ಣನ್ನು ದಿಟ್ಟಿಸಿ ತಲೆಯಾಡಿಸಿದರು.

ಕೂಡಿಟ್ಟದ್ದು ನಿಲ್ಲದಿದ್ದರೆ ಏನಾಗುತ್ತದೆಂದು ಈ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದ್ದು 133 ಟಿಎಂಸಿ ನೀರಿಗೆ. ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105. ಆ ನಷ್ಟ ತುಂಬಿಕೊಳ್ಳಲೆಂದೇ ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ, ಗೇಟೇ ಕೊಚ್ಚಿಹೋಗಿ, ತುಂಬಿದ್ದು ಹರಿದುಹೋಗುವುದನ್ನೂ ಜನ ಕಂಡರು. ಬ್ಯಾಟರಿಯ ಕಾಯಿಲೆಗಳೂ ಇವೇ: ಒಳಹರಿವಿಲ್ಲ, ಹಿಡಿಯುವ ತಾಕತ್ತಿಲ್ಲ, ಇಲ್ಲವೇ ಎಲ್ಲೋ ಗೇಟು ತೆರೆದಿದೆ. ಹೂಳು ಕೂಡ ಉಂಟು. ಪ್ಲೇಟಿನಿಂದ ಉದುರಿದ ಸೀಸದ ಪುಡಿ ತಳದಲ್ಲಿ ಕೂರುತ್ತದೆ. ನಮ್ಮ ಕಡೆಯ ಬೇಸಿಗೆಯ ಕಾವು ಅದಕ್ಕೆ ಇನ್ನಷ್ಟು ಅವಸರ ಮಾಡುತ್ತದೆ.

ಕೊನೆಗೆ ಬಂದವನು ವೈರಿಂಗ್ ಕೆಲಸದ ಹುಡುಗ. ಮಾತು ಕಡಿಮೆ, ಕೈಯಲ್ಲಿ ಮಲ್ಟಿಮೀಟರ್. ಟರ್ಮಿನಲ್ಲಿಗೆ ಕಟ್ಟಿದ್ದ ಹಸಿರು-ಬಿಳಿ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದ. ಬ್ಯಾಟರಿ 11.9 ವೋಲ್ಟ್ ತೋರಿಸಿತು, ತುಂಬಿದ್ದರೆ 12.6 ಇರಬೇಕಿತ್ತು. ಟ್ರ್ಯಾಕ್ಟರಿನ ಬ್ಯಾಟರಿಗೆ ಕೇಬಲ್ ಕೊಟ್ಟು ಎಂಜಿನ್ ಚಾಲೂ ಮಾಡಿದಾಗ 14.2. ಅಲ್ಲಿಗೆ ಡೈನಮೋ ನಿರ್ದೋಷಿ. ಆ ವಾದದ ವಕೀಲರು ಚಹಾಕ್ಕೆ ಮರಳಿದರು. ಬ್ಯಾಟರಿ ಬಿಚ್ಚಿ, ಚಾರ್ಜಿಗೆ ಹಾಕಿ, ಒಂದು ರಾತ್ರಿ ಸುಮ್ಮನೆ ಇಟ್ಟ. ಬೆಳಿಗ್ಗೆಯೂ 12.6. ಅದೂ ಖುಲಾಸೆ.

ಉಳಿದದ್ದು ಸೋರಿಕೆ. ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಮೀಟರ್ ಸೇರಿಸಿ, ಬಾಗಿಲು ಮುಚ್ಚಿ ಅರ್ಧ ತಾಸು ಕಾದ. (ಆಗ ಯಾರಾದರೂ ಉತ್ಸಾಹದಿಂದ ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸು ಸ್ವರ್ಗಸ್ಥ.) ಮಲಗಿದ ಕಾರು 50 ಮಿಲಿಆಂಪಿಯರಿನೊಳಗೆ ಉಸಿರಾಡಬೇಕು. ಇದು 300 ನುಂಗುತ್ತಿತ್ತು. ಗಣಿತದ ಮಾಸ್ತರು ಅಲ್ಲೇ ಲೆಕ್ಕ ಹಾಕಿದರು: ದಿನಕ್ಕೆ 7.2 ಆಂಪಿಯರ್-ಅವರ್, 35ರ ಬ್ಯಾಟರಿ ಐದು ದಿನಕ್ಕೆ ಬರಿದು, ಸೆಲ್ಫ್ ಅದಕ್ಕೂ ಮೊದಲೇ ಕೈಕೊಡುತ್ತದೆ.

ಫ್ಯೂಸುಗಳನ್ನು ಒಂದೊಂದಾಗಿ ಕಿತ್ತರೂ ಅಂಕಿ ಇಳಿಯಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಪ್ಲಸ್ಸಿನಿಂದ ನೇರ ಹೊರಟ ಒಂದು ಕೆಂಪು ವೈರು. ಮ್ಯಾಟಿನಡಿ ನುಸುಳಿ, ಡಿಕ್ಕಿ ಸೇರಿ, ಸೋನಾ ಮಸೂರಿ ಚೀಲದ ಕೆಳಗೆ ಮಾಯವಾಗಿತ್ತು. ಚೀಲ ಎತ್ತಿದರೆ, ಜಾತ್ರೆಗೆಂದು ಮಗರಾಯ ಕೂರಿಸಿದ್ದ ಆಂಪ್ಲಿಫೈಯರ್. ಹುಡುಗ ಅದರ ಮೇಲೆ ಕೈಯಿಟ್ಟು ನಕ್ಕ: “ಮಾಸ್ತರ್ರ, ನೀವು ಮಲಗಿದ್ರೂ ಇದು ಮಲಗಂಗಿಲ್ರೀ.” ಅದನ್ನು ಎಬ್ಬಿಸುವ ಸಣ್ಣ ವೈರನ್ನು ಕೀಲಿಯ ಲೈನಿಗೆ ಕೊಡುವ ಬದಲು ನೇರ ಪ್ಲಸ್ಸಿಗೇ ಸುತ್ತಿದ್ದರು.

ಇಂಥ ಕಾರಿಗೆ ಹೊಸ ಬ್ಯಾಟರಿ ಹಾಕಿಸಿದರೆ ಅಂಗಡಿಯವನಿಗಷ್ಟೇ ಲಾಭ. ಡಿಕ್ಕಿಯಲ್ಲಿ ಸಂಗೀತ ಇಟ್ಟುಕೊಂಡವರು ರಾತ್ರಿ ಬೀಗ ಹಾಕಿ, ಬೆಳಿಗ್ಗೆ ಆ ಡಬ್ಬಿಯನ್ನೊಮ್ಮೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮೊದಲು ಮಗನನ್ನು ಕರೆಯಿರಿ, ಆಮೇಲೆ ಮೆಕ್ಯಾನಿಕ್ಕನ್ನು.