ಬ್ಯಾಚ್ ರಾಯರು

ಬ್ಯಾಂಕಿನ ಡೇಟಾಬೇಸ್ ಕಾಯುವ ಪ್ರತಿ ಆಫೀಸಿನಲ್ಲೂ ಒಬ್ಬರು ಬ್ಯಾಚ್ ರಾಯರು ಇರುತ್ತಾರೆ. ಮನೆಯವರು ಇಟ್ಟ ಹೆಸರು ಬೇರೆಯೇ ಇರಬಹುದು, ಅದನ್ನು ಕೇಳಿದವರಿಲ್ಲ. ಕೌಂಟರ್ ಮುಚ್ಚಿ ಊರು ಮಲಗಿದ ಮೇಲೆ ಇವರಿಗೆ ಬೆಳಗಾಗುತ್ತದೆ. ದಿನದ ಲೆಕ್ಕವನ್ನೆಲ್ಲ ಒಟ್ಟಿಗೆ ಮುಗಿಸುವ ಬ್ಯಾಚ್ ಜಾಬುಗಳು ಓಡುವುದು ಆಗಲೇ. ಉಳಿತಾಯ ಖಾತೆಗೆ ದಿನದಿನದ ಬಾಕಿಯ ಮೇಲೆ ಬಡ್ಡಿ ಲೆಕ್ಕ ಹಾಕಿ ಎಂದು ರಿಸರ್ವ್ ಬ್ಯಾಂಕ್ 2010ರ ಏಪ್ರಿಲ್ 1ರಿಂದ ಕಟ್ಟುಮಾಡಿತಲ್ಲ, ಅದರಿಂದ ನಮಗೆ ನಾಲ್ಕು ಕಾಸು ಹೆಚ್ಚು ಸಿಕ್ಕಿತು, ರಾಯರ ನಿದ್ದೆ ಅಷ್ಟೇ ಕಮ್ಮಿಯಾಯಿತು.

ನಡುರಾತ್ರಿ ಮ್ಯಾನೇಜರರ ಫೋನು.

"ಏನಾಯ್ತು ರಾಯರೇ?"

"ರನ್ನಿಂಗ್ ಸಾರ್."

"ರನ್ನಿಂಗ್ ಅಂದ್ರೆ?"

"ಇನ್ನೂ ಸತ್ತಿಲ್ಲ ಅಂತ."

ಇದು ಉಡಾಫೆಯಲ್ಲ, ಅನುಭವ. ಯಾವನೋ ಒಬ್ಬ ಟೇಬಲ್ಲಿಗೆ ಕೈಹಾಕಿ, ಕಮಿಟ್ ಕೊಡದೆ ಚಹಾಕ್ಕೆ ಹೋಗಿರುತ್ತಾನೆ. ಅದರಿಂದ ಟೇಬಲ್ಲಿಗೆ ಬಿದ್ದ ಲಾಕ್ ಬಿಡುವವರೆಗೆ ಜಾಬು ನಿಂತಲ್ಲೇ ನಿಂತು 'ರನ್ನಿಂಗ್' ಎಂದೇ ಹೇಳುತ್ತಿರುತ್ತದೆ. ಹಾಗಾಗಿ ರಾಯರು ಮೊದಲು ಹುಡುಕುವುದು ಜಾಬನ್ನಲ್ಲ, ಚಹಾಕ್ಕೆ ಹೋದವನನ್ನು.

"ಶೇಕಡಾ ಎಷ್ಟು ಮುಗಿದಿದೆ?" ಎಂಬುದು ಮುಂದಿನ ಪ್ರಶ್ನೆ. ಒರಾಕಲ್‌ನ ಲಾಂಗಾಪ್ಸ್ ಎಂಬ ಪ್ರಗತಿಪಟ್ಟಿ ನೋಡಿ ರಾಯರು "98" ಅನ್ನುತ್ತಾರೆ. ಮ್ಯಾನೇಜರರು ಹಿಗ್ಗಿ ಮೇಲಿನವರಿಗೆ ಮೆಸೇಜು ಹಾಕುವಷ್ಟರಲ್ಲಿ ಅದು 3 ಆಗಿರುತ್ತದೆ. ಆ ಲೆಕ್ಕ ಒಂದೊಂದು ಹಂತದ್ದು, ಇಡೀ ಜಾಬಿನದಲ್ಲ. ರಾಯರಿಗೆ ಇದು ಗೊತ್ತು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು ಅವರ ಪದ್ಧತಿ.

ಸೋತ ಜಾಬಿನ ಮೇಲೆ ಅವರಿಗೆ ಸಿಟ್ಟಿಲ್ಲ. ಒರಾಕಲ್ಲಿನ ಹಳೆಯ ಡಿಬಿಎಂಎಸ್ ಜಾಬ್ ಎಂದರಂತೂ ಗೌರವ. ಬಿದ್ದರೆ 1 ನಿಮಿಷ ಬಿಟ್ಟು ಏಳುತ್ತಿತ್ತು, ಮತ್ತೆ ಬಿದ್ದರೆ 2, ಆಮೇಲೆ 4. ಹೀಗೆ 16 ಸಲ ಸೋತ ಮೇಲೆ ತಾನಾಗಿ 'ಬ್ರೋಕನ್' ಎಂದು ಬರೆಸಿಕೊಂಡು ಮಲಗುತ್ತಿತ್ತು. "ಮರ್ಯಾದಸ್ಥ ಜಾಬು ಕಣ್ರೀ, ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳ್ತಿತ್ತು," ಎನ್ನುತ್ತಾರೆ.

ಅವರು ಹೆದರುವುದು 'ಸಕ್ಸೀಡೆಡ್'ಗೆ. ನಲವತ್ತು ನಿಮಿಷ ಹಿಡಿಯುವ ಜಾಬು ಎರಡೇ ಸೆಕೆಂಡಿನಲ್ಲಿ ಗೆದ್ದು ಬಂದರೆ ಮಿಕ್ಕವರು ಚಪ್ಪಾಳೆ ತಟ್ಟುತ್ತಾರೆ. ರಾಯರು ಕನ್ನಡಕ ಒರೆಸಿಕೊಳ್ಳುತ್ತಾರೆ. ಕೋಡು ಬಿಚ್ಚಿ ನೋಡಿದರೆ ಕೊನೆಯಲ್ಲಿ 'ವೆನ್ ಅದರ್ಸ್ ದೆನ್ ನಲ್' ಎಂಬ ಸಾಲು: ಏನೇ ಎಡವಟ್ಟಾದರೂ ಬಾಯಿ ಬಿಡಬೇಡ ಎಂದು ಯಾವನೋ ಜಾಬಿಗೆ ಕಲಿಸಿಟ್ಟಿದ್ದಾನೆ. ದೂರು ಬರಲಿಲ್ಲವಾದ್ದರಿಂದ ಡೇಟಾಬೇಸು ಅದನ್ನು ಗೆಲುವು ಎಂದು ಬರೆದುಕೊಂಡಿದೆ. ಅಂದಿನಿಂದ ರಾಯರು ಸ್ಟೇಟಸ್ ಓದಿ ಬಿಡುವುದಿಲ್ಲ. ಟೇಬಲ್ಲಿಗೆ ಹೋಗಿ ಸಾಲು ಎಣಿಸುತ್ತಾರೆ.

ಈ ಚಾಳಿ ಆಫೀಸಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ನೆಂಟರ ಮದುವೆಯಲ್ಲಿ ಅಡುಗೆ ಕಂಟ್ರಾಕ್ಟರು ಕೈಮುಗಿದು, "ಎಲ್ಲಾ ಸುಸೂತ್ರ, ಆರುನೂರು ಎಲೆ ಎದ್ದಿತು," ಎಂದರು. ಹುಡುಗಿಯ ತಂದೆ ಆಗಲೇ ಪರ್ಸು ತೆಗೆದಿದ್ದರು. ರಾಯರು ಪಂಚೆ ಎತ್ತಿ ಕಟ್ಟಿ ಹಿತ್ತಲಿಗೆ ನಡೆದರು, ಅರ್ಧ ಗಂಟೆ ಬಿಟ್ಟು ಬಂದು, "ಐನೂರ ನಲವತ್ತು," ಎಂದರು. ಆ ಕಂಟ್ರಾಕ್ಟರು ಈಗ ಮುಂಗಡ ತೆಗೆದುಕೊಳ್ಳುವ ಮೊದಲು ಆಮಂತ್ರಿತರ ಪಟ್ಟಿ ಕೇಳುತ್ತಾರಂತೆ.