ಬೀಪ್ ಮೀಮಾಂಸೆ

ಗ್ರಂಥಾರಂಭದಲ್ಲಿ ವಿಘ್ನ ನಿವಾರಿಸಿಕೊಳ್ಳುವುದು ಶಾಸ್ತ್ರಕಾರರ ಪದ್ಧತಿ. ಅದರಂತೆ ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣು ಇಟ್ಟು, ಅವು ಅಪ್ಪಚ್ಚಿಯಾದ ಸದ್ದನ್ನು ಕಿವಿಯಾರೆ ಕೇಳಿದ ಮೇಲೆಯೇ ಈ ಮೀಮಾಂಸೆ ಹೊರಟಿದೆ. ಅನುಬಂಧ ಚತುಷ್ಟಯ ಹೇಳದೆ ಮುಂದುವರಿದರೆ ಪಂಡಿತರು ಮುನಿಯುತ್ತಾರೆ, ಹೇಳಿಬಿಡುತ್ತೇನೆ. ವಿಷಯ: ಕಾರಿನೊಳಗೆ ಕೇಳಿಬರುವ ಬೀಪ್ ಎಂಬ ಶಬ್ದ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ಎಂದೋ ಒಮ್ಮೆ ಆರ್‌ಟಿಓ ಮೈದಾನದಲ್ಲಿ ಕೈಕಾಲು ನಡುಗಿಸಿಕೊಂಡು ಗಾಡಿ ಓಡಿಸಿ ತೋರಿಸಿ, ಅಂದಿನಿಂದ ನಡುಗುವುದನ್ನು ಬಿಟ್ಟವನು. ಪ್ರಯೋಜನ: ಇಲ್ಲ. ಸಂಬಂಧ: ಹೆಂಡತಿಯ ತಮ್ಮ.

ಈ ಭಾಮೈದನೇ ನಮ್ಮ ಪೂರ್ವಪಕ್ಷಿ, ಅಂದರೆ ಎದುರುವಾದಿ. ಹೊಸ ಕಾರು ಕೊಂಡಿದ್ದಾನೆ. ‘ಭಾವ, ಇದ್ರಲ್ಲಿ ಅಡಾಸ್ ಇದೆ, ಲೆವೆಲ್ ಟೂ’ ಎಂದು ಅವನು ಹೇಳಿದ್ದು ಮಗನಿಗೆ ಐಐಟಿಯಲ್ಲಿ ಸೀಟು ಸಿಕ್ಕಿತೆಂದು ಹೇಳುವ ದನಿಯಲ್ಲಿ. ಮುಂದೆ ಗಾಡಿ ಬಂದರೆ ಅದೇ ಬ್ರೇಕ್ ಹಾಕುತ್ತದಂತೆ, ಗೆರೆ ದಾಟಿದರೆ ಅದೇ ಸ್ಟೀರಿಂಗ್ ಎಳೆಯುತ್ತದಂತೆ, ಪಕ್ಕದಲ್ಲಿ ಯಾರಾದರೂ ಬಂದರೆ ಕನ್ನಡಿಯಲ್ಲಿ ದೀಪ ಹತ್ತುತ್ತದಂತೆ. ‘ಹಾಗಾದ್ರೆ ನೀನು ಏನು ಮಾಡ್ತೀಯಪ್ಪ?’ ಎಂದು ಕೇಳಿದೆ. ‘ಇಎಂಐ ಕಟ್ತೀನಿ’ ಅಂದ.

ಅರಿವಿಗೆ ದಾರಿಗಳೆಷ್ಟು ಎಂಬ ಬಗ್ಗೆ ನಮ್ಮ ದರ್ಶನಗಳಲ್ಲಿ ಹಳೆಯ ಜಗಳವಿದೆ. ಚಾರ್ವಾಕರಿಗೆ ಪ್ರಮಾಣ ಒಂದೇ, ನೈಯಾಯಿಕರಿಗೆ ನಾಲ್ಕು, ಭಾಟ್ಟ ಮೀಮಾಂಸಕರಿಗೆ ಆರು. ಬಂಪರಿನಲ್ಲಿ ಕುಳಿತ ಸೆನ್ಸರ್ ಶುದ್ಧ ಚಾರ್ವಾಕ. ಕಣ್ಣಿಗೆ ಬಿದ್ದದ್ದಷ್ಟೇ ಅದಕ್ಕೆ ಸತ್ಯ. ಕೆಸರು ಮೆತ್ತಿಕೊಂಡರೆ ಜಗತ್ತೇ ಇಲ್ಲ. ಒಳ್ಳೆಯ ಡ್ರೈವರ್ ನೈಯಾಯಿಕ, ಅವನ ಬಂಡವಾಳವೇ ಅನುಮಾನ. ಹೊಗೆಯಿದ್ದಲ್ಲಿ ಬೆಂಕಿ ಎಂದು ಗುರುಕುಲದಲ್ಲಿ ಕಲಿಸಿದ್ದನ್ನು ಅವನು ರಸ್ತೆಯಲ್ಲಿ ಕಲಿತಿರುತ್ತಾನೆ: ನಿಂತ ಬಸ್ಸಿನ ಮುಂದಿನಿಂದ ಒಬ್ಬರು ಅಡ್ಡ ಬಂದೇ ಬರುತ್ತಾರೆ, ಉರುಳಿ ಬಂದ ಚೆಂಡಿನ ಹಿಂದೆ ಹುಡುಗನಿರುತ್ತಾನೆ, ಒಂದು ಕುರಿ ದಾಟಿತೆಂದರೆ ಮಂದೆ ಇನ್ನೂ ಬೇಲಿಯಾಚೆ ಇದೆ. ಸೆನ್ಸರಿಗೆ ಚೆಂಡು ಕಂಡರೆ ಚೆಂಡು. ಹುಡುಗ ಕಾಣಿಸಿಕೊಂಡ ಮೇಲಷ್ಟೇ ಅದು ಹುಡುಗನನ್ನು ಒಪ್ಪುತ್ತದೆ. ಎಡಕ್ಕೆ ಕೈ ತೋರಿದ ಆಟೋ ಎಡಕ್ಕೇ ಹೋಗುತ್ತದೆಂಬ ಅನುಮಾನ ಮಾತ್ರ ಸಲ್ಲದು. ಅದು ಅನೈಕಾಂತಿಕ ಹೇತ್ವಾಭಾಸ, ಅಂದರೆ ಒಮ್ಮೆ ನಿಜವಾಗಿ ಒಮ್ಮೆ ಸುಳ್ಳಾಗುವ ಕಾರಣ.

ಇನ್ನು ಬೀಪ್. ಅದು ಶಬ್ದಪ್ರಮಾಣ, ಅದರಲ್ಲೂ ಅಪೌರುಷೇಯ. ಯಾವ ಪುರುಷನ ಬಾಯಿಂದಲೂ ಹೊರಟದ್ದಲ್ಲವಾದ್ದರಿಂದ ಅದರ ಮೇಲೆ ಸಿಟ್ಟು ಮಾಡಿಕೊಳ್ಳುವಂತಿಲ್ಲ, ನಾಚಿಕೆಪಡುವ ಅಗತ್ಯವೂ ಇಲ್ಲ. 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಮೂರು ಬೀಪುಗಳು ಕಡ್ಡಾಯವಾದವು. ಬೆಲ್ಟ್ ಹಾಕದಿದ್ದರೆ ಒಂದು, ಹಿಂದಕ್ಕೆ ತೆಗೆಯುವಾಗ ಏನಾದರೂ ಅಡ್ಡ ಇದ್ದರೆ ಒಂದು, ವೇಗ ಹೆಚ್ಚಿದರೆ ಒಂದು. ಮೂರನೆಯದು 80 ದಾಟಿದಾಗ ಬಿಟ್ಟುಬಿಟ್ಟು ಕೂಗುತ್ತದೆ, 120 ದಾಟಿದಾಗ ಬಿಡದೆ ಕೂಗುತ್ತದೆ. ಮೀಮಾಂಸಕರ ಪ್ರಕಾರ ವಾಕ್ಯಗಳಲ್ಲಿ ವಿಧಿ, ನಿಷೇಧ, ಅರ್ಥವಾದ ಎಂಬ ಭೇದಗಳಿವೆ. ಮಾಡು ಎನ್ನುವುದು ವಿಧಿ, ಮಾಡಬೇಡ ಎನ್ನುವುದು ನಿಷೇಧ, ಸುಮ್ಮನೆ ಹೊಗಳುವುದು ಅರ್ಥವಾದ. ನನ್ನ ಭಾಮೈದನ ಭಾಷ್ಯದಲ್ಲಿ 80ರ ಬೀಪ್ ಅರ್ಥವಾದ. ‘ಕಾರು ಚೆನ್ನಾಗಿ ಎಳೀತಿದೆ ಅಂತ ಹೇಳ್ತಿದೆ ಭಾವ.’ 120ರ ಬೀಪನ್ನು ಅವನು ಹಾಡಿನ ವಾಲ್ಯೂಮ್ ಏರಿಸಿ ಪರಿಹರಿಸುತ್ತಾನೆ.

ಬೆಲ್ಟಿನ ಬೀಪ್ ವಿಧಿವಾಕ್ಯವೆಂದು ಅವನೂ ಒಪ್ಪಿದ್ದಾನೆ. ಆದರೆ ವಿಧಿಗೆ ಪ್ರತಿನಿಧಿ ದ್ರವ್ಯ ಉಂಟಲ್ಲ? ಯಾಗಕ್ಕೆ ಹೇಳಿದ ದ್ರವ್ಯ ಸಿಗದಿದ್ದರೆ ಬದಲಿ ಬಳಸಬಹುದು. ಆ ಬದಲಿಯೇ ಕ್ಲಿಪ್ಪು. ಬೆಲ್ಟಿನ ತುದಿಯ ಕೊಂಡಿಯಷ್ಟನ್ನೇ ಕತ್ತರಿಸಿಟ್ಟಂತಿರುವ ಈ ಲೋಹದ ತುಣುಕನ್ನು ಬಕಲ್ಲಿಗೆ ಸಿಕ್ಕಿಸಿದರೆ ಕಾರಿಗೆ ಸಮಾಧಾನ. ವೋಲ್ವೋ ಕಂಪನಿಯ ನಿಲ್ಸ್ ಬೊಲಿನ್ 1959ರಲ್ಲಿ ಮೂರು ಬಿಂದುಗಳ ಬೆಲ್ಟನ್ನು ಕಾರಿಗೆ ತಂದದ್ದು ಮನುಷ್ಯ ಗಾಜಿನಾಚೆ ಹಾರಬಾರದೆಂದು. ನಾವು ಕ್ಲಿಪ್ಪು ತಂದದ್ದು ಕಾರು ಅಳಬಾರದೆಂದು. ಆನ್‌ಲೈನ್ ಅಂಗಡಿಗಳಲ್ಲಿ ಇದರ ವ್ಯಾಪಾರ ಎಷ್ಟು ಜೋರಾಯಿತೆಂದರೆ 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೇ ಐದು ಜಾಲತಾಣಗಳಿಗೆ ಮಾರಬೇಡಿ ಎಂದು ಆದೇಶ ಹೊರಡಿಸಬೇಕಾಯಿತು. ಸುರಕ್ಷತೆಯ ಯಂತ್ರವನ್ನು ಸಂತೈಸಲು ಇನ್ನೊಂದು ಯಂತ್ರ! ನಮ್ಮ ಜನಕ್ಕೆ ತಂತ್ರಜ್ಞಾನ ಬರುವುದಿಲ್ಲವೆನ್ನುವವರ ನಾಲಗೆ ಸೀಳಬೇಕು.

ಇಲ್ಲಿ ಇತಿಹಾಸದ ಒಂದು ತಪ್ಪು ತಿದ್ದಬೇಕಿದೆ. ಅಡಾಸ್, ಅಂದರೆ ಚಾಲಕ ಸಹಾಯಕ ವ್ಯವಸ್ಥೆ, ಹೊರದೇಶದಿಂದ ಬಂದದ್ದೆಂದು ಪಂಡಿತರು ಬಗೆದಿದ್ದಾರೆ. ಅದು ಶಿರಾಡಿ ಘಾಟಿಯಲ್ಲಿ ಬಹಳ ಹಿಂದೆಯೇ ಚಾಲ್ತಿಯಲ್ಲಿತ್ತು. ಹೆಸರು ಕ್ಲೀನರ್. ಎಡಗಡೆಯ ಬಾಗಿಲಿನಿಂದ ಅರ್ಧ ದೇಹ ಹೊರಗೆ ಚಾಚಿ ಲಾರಿಯ ಮೈಗೆ ಬಡಿಯುತ್ತಿದ್ದ. ಒಂದು ಬಡಿತಕ್ಕೆ ನಿಲ್ಲು, ಎರಡಕ್ಕೆ ಹೋಗು. ಇಂದಿನ ಬ್ಲೈಂಡ್ ಸ್ಪಾಟ್ ದೀಪದ ಮೂಲರೂಪ ಇದೇ. ಏರಿನಲ್ಲಿ ಲಾರಿ ಜಾರಿದರೆ ಜಿಗಿದು ಚಕ್ರದ ಹಿಂದೆ ಕಲ್ಲು ಕೊಡುತ್ತಿದ್ದ. ಈಗ ಅದಕ್ಕೆ ಹಿಲ್ ಹೋಲ್ಡ್ ಎಂದು ಹೆಸರಿಟ್ಟು ಬೆಲೆ ಏರಿಸಿದ್ದಾರೆ. ಮಳೆಗಾಲದಲ್ಲಿ ಮುಂದಿನ ಗಾಜಿಗೆ ಹೊಗೆಸೊಪ್ಪು ಉಜ್ಜುತ್ತಿದ್ದ. ಡ್ರೈವರಿನ ತಲೆ ವಾಲಿದರೆ ಬೀಡಿ ಹಚ್ಚಿ ಕೊಡುತ್ತಿದ್ದ, ಇಲ್ಲವೇ ನಿನ್ನೆ ನೋಡಿದ ಪಿಚ್ಚರಿನ ಕಥೆಯನ್ನು ತಪ್ಪು ತಪ್ಪಾಗಿ ಹೇಳಿ ಅವನನ್ನು ರೇಗಿಸುತ್ತಿದ್ದ. ರೇಗಿದವನು ನಿದ್ದೆ ಮಾಡಲಾರ. ರಿವರ್ಸ್ ಸೆನ್ಸರಿನ ಗದ್ಯರೂಪವನ್ನು ನಮ್ಮ ಕಂಡಕ್ಟರುಗಳು ಇಂದಿಗೂ ಉಳಿಸಿಕೊಂಡಿದ್ದಾರೆ: ‘ಬಾ... ಬಾ... ಬಾ... ಹೋಲ್ಡಾನ್!’

ಕ್ಲೀನರಿನಲ್ಲಿದ್ದು ಸೆನ್ಸರಿನಲ್ಲಿಲ್ಲದ ಗುಣ ಒಂದೇ. ಅವನನ್ನು ಯಾರೂ ಪೂರ್ತಿ ನಂಬುತ್ತಿರಲಿಲ್ಲ. ಅರೆನಿದ್ದೆಯ ಎಳೆ ಹುಡುಗ. ಅವನು ‘ರೈಟ್’ ಎಂದರೂ ಡ್ರೈವರ್ ಒಮ್ಮೆ ಕುತ್ತಿಗೆ ತಿರುಗಿಸಿ ನೋಡಿಯೇ ಹೊರಡುತ್ತಿದ್ದ. ಸಹಾಯಕನ ಮೇಲಿನ ಆ ಅಪನಂಬಿಕೆಯೇ ಡ್ರೈವರನ್ನು ಎಚ್ಚರವಾಗಿಟ್ಟಿತ್ತು.

ಈ ಮತಕ್ಕೆ ವಿದೇಶದಿಂದಲೂ ಆಧಾರ ತರಿಸಿದ್ದೇನೆ, ಅದಿಲ್ಲದಿದ್ದರೆ ನಮ್ಮಲ್ಲಿ ಪ್ರಬಂಧಕ್ಕೆ ಬೆಲೆಯಿಲ್ಲ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ, ಸೆಕೆಂಡಿಗೆ ಹಲವು ಸಲ ಹಿಡಿದು ಬಿಡುವ ಎಬಿಎಸ್ ಎಂಬ ವ್ಯವಸ್ಥೆಯನ್ನು ಬಾಷ್ ಕಂಪನಿ 1978ರಲ್ಲಿ ಮರ್ಸಿಡಿಸ್ ಕಾರಿಗೆ ಕೂಡಿಸಿತು. ಕೆಲವು ವರ್ಷಗಳ ನಂತರ ಮ್ಯೂನಿಕ್ ನಗರದ ಟ್ಯಾಕ್ಸಿ ಕಂಪನಿಯೊಂದರಲ್ಲಿ ಪ್ರಯೋಗ ನಡೆಯಿತು. ಒಂದೇ ಬಗೆಯ ಕಾರುಗಳು, ಕೆಲವಕ್ಕೆ ಎಬಿಎಸ್ ಉಂಟು, ಕೆಲವಕ್ಕಿಲ್ಲ. ಅಪಘಾತಗಳ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಗುರುತು ಹೇಳದೆ ಪ್ರಯಾಣಿಕರಂತೆ ಹತ್ತಿ ಕುಳಿತ ವೀಕ್ಷಕರಿಗೆ ಕಾರಣ ಕಂಡಿತು: ಎಬಿಎಸ್ ಇದ್ದ ಡ್ರೈವರುಗಳು ತಿರುವಿನಲ್ಲಿ ನುಗ್ಗುತ್ತಿದ್ದರು, ಮುಂದಿನ ಗಾಡಿಯ ಬೆನ್ನಿಗೆ ಅಂಟುತ್ತಿದ್ದರು. ಆಮೇಲೆ ಕಂಪನಿ ದುರಸ್ತಿ ಖರ್ಚಿನಲ್ಲಿ ಒಂದು ಪಾಲನ್ನು ಡ್ರೈವರುಗಳ ತಲೆಗೇ ಕಟ್ಟಿದಾಗ ಅಪಘಾತ ಇಳಿಯಿತು.

ಕೆನಡಾದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ವೈಲ್ಡ್ 1982ರಲ್ಲಿ ಇದಕ್ಕೊಂದು ಸಿದ್ಧಾಂತವನ್ನೇ ಕಟ್ಟಿದ. ಪ್ರತಿಯೊಬ್ಬನಿಗೂ ಇಷ್ಟು ಅಪಾಯ ಇರಲಿ ಎಂಬ ಒಳ ಅಳತೆಯಿರುತ್ತದೆ, ಒಂದು ಕಡೆ ಕಿತ್ತುಕೊಂಡರೆ ಇನ್ನೊಂದು ಕಡೆ ತುಂಬಿಕೊಳ್ಳುತ್ತಾನೆ. ಸಂಬಳ ಹೆಚ್ಚಿದರೂ ತಿಂಗಳ ಕೊನೆಗೆ ಉಳಿಯುವುದು ಅಷ್ಟೇ ಎಂದು ನನ್ನ ಹೆಂಡತಿ ಬಹುಕಾಲದಿಂದ ಹೇಳುತ್ತಿರುವುದೂ ಇದನ್ನೇ. ವೈಲ್ಡನನ್ನು ಒಪ್ಪದವರು ಸಾಕಷ್ಟಿದ್ದಾರೆ. ಅವರ ಕೈಯಲ್ಲಿರುವ ದೊಡ್ಡ ಅಸ್ತ್ರ ಇಎಸ್‌ಸಿ. ಕಾರು ಅಡ್ಡ ತಿರುಗಲು ಹೊರಟಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಕೊಟ್ಟು ದಾರಿಗೆ ತರುವ ವ್ಯವಸ್ಥೆ ಇದು. ಇದು ಬಂದ ಮೇಲೆ ಗಾಡಿ ತಾನೇ ರಸ್ತೆ ಬಿಟ್ಟು ಹೋಗುವ ಅಪಘಾತಗಳು ನಿಜಕ್ಕೂ ಕಡಿಮೆಯಾದವು. ಹಾಗಾದರೆ ಇದೇಕೆ ಫಲಿಸಿತು? ನನ್ನ ಸಮಾಧಾನ ಹೀಗಿದೆ: ಅದು ಕಾರಿನಲ್ಲಿದೆ ಎಂದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಗುಪ್ತದಾನ. ಗೊತ್ತಿದ್ದಿದ್ದರೆ ಖರ್ಚು ಮಾಡಿಬಿಡುತ್ತಿದ್ದರು.

ಭಾಮೈದನ ಲೆವೆಲ್ ಟೂ ಇದಕ್ಕೆ ವಿರುದ್ಧ ಜಾತಿಯದು. ತಾನಿದ್ದೇನೆಂದು ಮೈಯೆಲ್ಲ ದೀಪ ಹಚ್ಚಿ ಸಾರುತ್ತದೆ. ಕೆಲಸವನ್ನೆಲ್ಲ ಕಾರು ಮಾಡುತ್ತದೆ, ಡ್ರೈವರ್ ಅದನ್ನು ಕಾಯುತ್ತಿರಬೇಕು. ಕಾಯುವುದೇ ಮನುಷ್ಯನಿಗೆ ಬಾರದ ವಿದ್ಯೆ. ಇಂಗ್ಲೆಂಡಿನ ನಾರ್ಮನ್ ಮ್ಯಾಕ್‌ವರ್ತ್, ರೇಡಾರ್ ಕಾಯುವವರ ಕಷ್ಟ ತಿಳಿಯಲು, ಗಡಿಯಾರದ ಮುಳ್ಳನ್ನು ನೋಡುತ್ತ ಕೂರಿಸಿ ಪರೀಕ್ಷೆ ಮಾಡಿದ. 1948ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಅರ್ಧ ಗಂಟೆಯೊಳಗೇ ಗಮನ ಕುಸಿಯುತ್ತದೆ. ಆನೆ ಕಾಯಲು ಅಟ್ಟಣೆ ಹತ್ತಿದ ನಮ್ಮ ರೈತರನ್ನು ಕೇಳಿದ್ದರೆ ಗಡಿಯಾರದ ಖರ್ಚು ಉಳಿಯುತ್ತಿತ್ತು.

ಸ್ಟೀರಿಂಗ್ ಮೇಲೆ ಕೈಯಿಲ್ಲದಿದ್ದರೆ ಕಾರು ಬೀಪ್ ಮಾಡುತ್ತದಲ್ಲ ಎನ್ನುತ್ತಾನೆ ಪೂರ್ವಪಕ್ಷಿ. ಮಾಡುತ್ತದೆ. ಅಮೆರಿಕದಲ್ಲಿ ಟೆಸ್ಲಾ ಕಾರು ಕೊಂಡ ಮಹಾನುಭಾವರು ಅದಕ್ಕೆ ಸ್ಟೀರಿಂಗ್ ಸಂದಿಗೆ ಕಿತ್ತಳೆ ಹಣ್ಣು ಸಿಕ್ಕಿಸಿ, ಕೈಯ ಭಾರವೆಂದು ಕಾರನ್ನು ನಂಬಿಸಿದರು. ಆ ಕೆಲಸಕ್ಕೆಂದೇ ತಯಾರಾದ ತೂಕದ ಸಾಧನವೊಂದರ ಮಾರಾಟವನ್ನು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ 2018ರಲ್ಲಿ ನಿಲ್ಲಿಸಬೇಕಾಯಿತು. ವಿದ್ವಾಂಸರು ಗಮನಿಸಬೇಕು: ನಾವು ಚಕ್ರದ ಕೆಳಗೆ ನಿಂಬೆ ಇಟ್ಟೆವು, ಅವರು ಸ್ಟೀರಿಂಗ್ ಚಕ್ರದೊಳಗೆ ಕಿತ್ತಳೆ. ಎರಡೂ ಒಂದೇ ಕುಲದ ಹುಳಿಹಣ್ಣು, ಎರಡೂ ಚಕ್ರಕ್ಕೆ ಸಂಬಂಧಿಸಿದ್ದು. ನಮ್ಮ ನಿಂಬೆ ಇಟ್ಟವನು ಆಮೇಲಾದರೂ ಕೈಯಿಂದ ಗಾಡಿ ಓಡಿಸುತ್ತಿದ್ದ.

ಪ್ರತ್ಯಕ್ಷ ಪರೀಕ್ಷೆಗೆಂದು ಮೈಸೂರಿಗೆ ಹೊರಟೆವು. ಕೆಂಗೇರಿ ದಾಟುವ ಮೊದಲೇ ಒಂದು ಪ್ರಮೇಯ ಸಿದ್ಧವಾಯಿತು. ಕಾರು ಮುಂದಿನ ಗಾಡಿಗೆ ಮರ್ಯಾದೆಯ ಅಂತರ ಬಿಡುತ್ತದೆ, ಆ ಅಂತರದಲ್ಲಿ ಒಂದು ಆಟೋ ಸೇರುತ್ತದೆ, ಕಾರು ಆಟೋಗೂ ಅಂತರ ಬಿಡುತ್ತದೆ, ಅಲ್ಲೊಂದು ಸ್ಕೂಟರ್. ಈ ಲೆಕ್ಕದಲ್ಲಿ ಸಂಜೆಯ ಹೊತ್ತಿಗೆ ನಾವು ಹಿಂದಕ್ಕೆ ಸರಿದು ಮೆಜೆಸ್ಟಿಕ್ ತಲುಪಬೇಕಿತ್ತು. ಹೆದ್ದಾರಿಗೆ ಬಿದ್ದ ಮೇಲೆ ಆಟೋ, ಬೈಕುಗಳಿಲ್ಲ. 2023ರ ಆಗಸ್ಟಿನಿಂದ ಅವಕ್ಕೆ ಅಲ್ಲಿ ಪ್ರವೇಶವಿಲ್ಲ. ಭಾಮೈದ ಗಂಟೆಗೆ 100ರಲ್ಲಿ ಕಾರನ್ನು ಕಾರಿಗೇ ಒಪ್ಪಿಸಿ ಫೋನ್ ತೆಗೆದ. ಆ ವೇಗದಲ್ಲಿ ಒಂದು ಸೆಕೆಂಡ್ ಅಂದರೆ 28 ಮೀಟರ್. ಅವನು ನೋಡುತ್ತಿದ್ದ ರೀಲು ಮುಗಿಯುವಷ್ಟರಲ್ಲಿ ಚನ್ನಪಟ್ಟಣದ ಗೊಂಬೆಗಳು ಹಿಂದೆ ಉಳಿದವು. ಮದ್ದೂರಿನ ಹತ್ತಿರ ಡ್ಯಾಶ್‌ಬೋರ್ಡಿನಲ್ಲಿ ಕಾಫಿ ಲೋಟದ ಚಿತ್ರ ಮೂಡಿತು. ಚಾಲಕನಿಗೆ ತೂಕಡಿಕೆ ಇದೆಯೆಂದು ಕಾರಿನ ಊಹೆ. ಹಳೆಯ ರಸ್ತೆಯಲ್ಲಾದರೆ ಅಲ್ಲಿ ಇಳಿದು ವಡೆ ತಿಂದು, ನಿಜವಾದ ಕಾಫಿ ಕುಡಿದು, ಮುಖ ತೊಳೆದು ಹೊರಡುತ್ತಿದ್ದೆವು. ಹೊಸ ಹೆದ್ದಾರಿ ಮದ್ದೂರನ್ನು ಪಕ್ಕಕ್ಕೆ ಸರಿಸಿ ಹತ್ತಾರು ನಿಮಿಷ ಉಳಿಸಿತು, ಬದಲಿಗೆ ಈ ಚಿತ್ರ ಕೊಟ್ಟಿತು.

ಅರ್ಥಶಾಸ್ತ್ರಜ್ಞ ಗಾರ್ಡನ್ ಟುಲಕ್ ಇದಕ್ಕೆ ಹಿಂದೆಯೇ ಮದ್ದು ಸೂಚಿಸಿದ್ದ: ಸ್ಟೀರಿಂಗ್ ನಡುವೆ ಡ್ರೈವರಿನ ಎದೆಗೆ ಗುರಿಯಿಟ್ಟು ಒಂದು ಈಟಿ ಕೂರಿಸಿದರೆ ಎಲ್ಲರೂ ನಿಧಾನವಾಗಿ ಓಡಿಸುತ್ತಾರೆ. ಆ ಮದ್ದು ನಮ್ಮ ಕಡೆಯ ಸ್ವಭಾವಕ್ಕೆ ಒಗ್ಗದು. ಈಟಿಗೂ ಒಂದು ಕ್ಲಿಪ್ಪು ಬರುತ್ತದೆ. ಬದಲಿ ಸಾಧನವನ್ನು ನಾನು ಕಂಡದ್ದು ವಾಪಸು ಬರುವಾಗ. ಮಂಡ್ಯದ ನೆಂಟರ ಮನೆಯ ಸೀಮಂತಕ್ಕೆಂದು ಅತ್ತೆ ದೊಡ್ಡ ಪಾತ್ರೆಯ ತುಂಬ ಹುಳಿ ಮಾಡಿಕೊಟ್ಟಿದ್ದರು. ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಪಾತ್ರೆ ಮುಂದಿನ ಸೀಟಿನಲ್ಲಿ, ನಾನು ಹಿಂದೆ.

ಅಂದು ಭಾಮೈದ ಓಡಿಸಿದ ಹಾಗೆ ಮನುಷ್ಯಮಾತ್ರರು ಓಡಿಸಿದ್ದನ್ನು ನಾನು ಕಂಡಿಲ್ಲ. ಫೋನು ಜೇಬಿನಲ್ಲಿ, ಎರಡೂ ಕೈ ಸ್ಟೀರಿಂಗ್ ಮೇಲೆ. ಉಬ್ಬು ಕಾಣುವ ಮೊದಲೇ ಉಬ್ಬಿದೆಯೆಂದು ಅನುಮಾನಪ್ರಮಾಣದಿಂದ ತಿಳಿದ. ನಿಂತ ಬಸ್ಸಿನ ಹಿಂದೆ ತಾನೂ ನಿಂತ. ಶ್ರೀರಂಗಪಟ್ಟಣ ದಾಟುವವರೆಗೆ ಒಂದೇ ಒಂದು ಬೀಪ್ ಕೇಳಲಿಲ್ಲ.

ಆದರೆ ಹೊರಡುವ ಮೊದಲು ನಡೆದದ್ದನ್ನು ದಾಖಲಿಸದಿದ್ದರೆ ಶಾಸ್ತ್ರಕ್ಕೆ ಲೋಪ. ಪಾತ್ರೆಯನ್ನು ಕೂರಿಸಿ, ಎರಡು ಸಲ ಅಲ್ಲಾಡಿಸಿ ನೋಡಿ, ಭಾಮೈದ ಆ ಸೀಟಿನ ಬಕಲ್ಲಿನಿಂದ ಕ್ಲಿಪ್ಪನ್ನು ಕಿತ್ತು ತೆಗೆದ. ನಿಜವಾದ ಬೆಲ್ಟನ್ನು ಎಳೆದು ಪಾತ್ರೆಯ ಕಂಠಕ್ಕೆ ಸುತ್ತಿ ಬಿಗಿದ.

‘ಕ್ಲಿಪ್ಪೇ ಸಾಕಲ್ವೇನೋ?’ ಎಂದೆ.

‘ಅದು ಬೀಪ್ ನಿಲ್ಸುತ್ತೆ ಅಷ್ಟೆ ಭಾವ. ಬ್ರೇಕ್ ಹಾಕಿದ್ರೆ ಚೆಲ್ಲಿಹೋಗಲ್ವಾ?’ ಎಂದು, ತನ್ನ ಸೀಟಿಗೆ ಬಂದು ಕೂತು, ತನ್ನ ಬಕಲ್ಲಿನಲ್ಲಿ ಕ್ಲಿಪ್ಪು ಭದ್ರವಾಗಿದೆಯೇ ಎಂದು ಒಮ್ಮೆ ಒತ್ತಿ ನೋಡಿಕೊಂಡು, ಗಾಡಿ ಸ್ಟಾರ್ಟ್ ಮಾಡಿದ.