ಗೋಪಾಲ ಮಾವ ಸಿಗಲಿಲ್ಲ

ತಂಗಿಯ ಮದುವೆಗೆ ಯಾರನ್ನು ಕರೆಯಬೇಕೆಂಬ ಲೆಕ್ಕ ಅಮ್ಮನ ಹಳೇ ಡೈರಿಯಲ್ಲಿ ಸುಖವಾಗಿತ್ತು. ಆದರೆ ಮನೆಯಲ್ಲಿ ಸಾಫ್ಟ್‌ವೇರ್ ಮಗನಿದ್ದಾನಲ್ಲ! ಎರಡೇ ರಾತ್ರಿಯಲ್ಲಿ ಜ್ಯಾಂಗೋ ಬಳಸಿ ವೆಬ್ ಅಪ್ಲಿಕೇಶನ್ ಕಟ್ಟಿದೆ. ಅತ್ತೆಯ ಮಗ ಕಳಿಸಿದ್ದ 340 ಹೆಸರು ತುಂಬಿಸಿ ಲ್ಯಾಪ್‌ಟಾಪನ್ನು ಅಮ್ಮನ ಮುಂದಿಟ್ಟೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಒಂದೇ ಬೆರಳಲ್ಲಿ ‘ಗೋಪಾಲ’ ಎಂದು ಒತ್ತಿದಳು.

“ಯಾರೂ ಇಲ್ಲ ಅಂತಿದೆಯಲ್ಲೋ. ನಿನ್ನನ್ನ ಎತ್ತಿ ಆಡಿಸಿದ ಮಾವನ್ನೇ ಬಿಟ್ಟುಬಿಟ್ಟೆಯಾ?”

ಪೂರ್ತಿ ಪಟ್ಟಿ ತೆರೆದರೆ ಮಾವ ಹನ್ನೊಂದನೇ ಸಾಲಿನಲ್ಲಿ ಆರಾಮಾಗಿ ಕೂತಿದ್ದಾರೆ. ಹುಡುಕಿದರೆ ಮಾಯ.

ಮೊದಲು, ಡೇಟಾಬೇಸಿನಿಂದ ಹೆಸರು ತಂದುಕೊಡುವ ಜ್ಯಾಂಗೋದ ಕ್ವೆರಿಸೆಟ್ಟಿನ ಮೇಲೆ ಅನುಮಾನ ಬಂತು. ಅದು ಹುಟ್ಟಾ ಸೋಮಾರಿ. ಬರೆದ ಕೂಡಲೇ ಡೇಟಾಬೇಸಿಗೆ ಹೋಗುವುದಿಲ್ಲ, ಫಲಿತಾಂಶ ಬೇಕೇ ಬೇಕು ಎಂದಾಗ ಎದ್ದು ಹೊರಡುತ್ತದೆ. ಕೊತ್ತಂಬರಿ ಸೊಪ್ಪು ತರಲು ನಾನು ಹೊರಡುವುದೂ ಸಾರು ಕುದಿಯತೊಡಗಿದ ಮೇಲೆಯೇ. ಆದರೆ ಅದು ಹೊತ್ತೊಯ್ಯುತ್ತಿದ್ದ ಎಸ್‌ಕ್ಯೂಎಲ್ ಅನ್ನು ಪ್ರಿಂಟ್ ಮಾಡಿಸಿ ನೋಡಿದರೆ ಒಂದು ಚುಕ್ಕಿಯೂ ತಪ್ಪಿಲ್ಲ.

ಈ ಜ್ಯಾಂಗೋ, ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ಪತ್ರಿಕಾ ಕಚೇರಿಯೊಂದರಲ್ಲಿ ಹುಟ್ಟಿ 2005ರಲ್ಲಿ ಎಲ್ಲರ ಕೈಗೆ ಬಂದದ್ದು. ಹೆಸರು ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್‌ನದು. 1928ರ ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳು ಊನವಾದರೂ ಆತ ಉಳಿದವುಗಳಲ್ಲೇ ಲೋಕ ತಲೆದೂಗುವಂತೆ ನುಡಿಸಿದ. ನನಗೆ ಹತ್ತೂ ಬೆರಳು ನೆಟ್ಟಗಿವೆ. ರಾತ್ರಿ ಒಂದಾದರೂ ಒಬ್ಬ ಗೋಪಾಲ ಸಿಗಲಿಲ್ಲ.

ಸಾಕಾಗಿ ಪಟ್ಟಿಯಲ್ಲಿದ್ದ ಹೆಸರನ್ನೇ ಕಾಪಿ ಮಾಡಿ ಹುಡುಕಾಟದ ಪೆಟ್ಟಿಗೆಗೆ ಹಾಕಿದೆ. ತಟಕ್ಕನೆ ಮಾವ ಪ್ರತ್ಯಕ್ಷ! ಕೈಯಾರೆ ಟೈಪಿಸಿದೆ, ಮತ್ತೆ ನಾಪತ್ತೆ. ಎರಡೂ ಗೋಪಾಲರನ್ನು ಪೈಥಾನ್ ಮುಂದೆ ನಿಲ್ಲಿಸಿ ಉದ್ದ ಅಳೆಸಿದೆ. ನಾನು ಟೈಪಿಸಿದವನು 5, ಪಟ್ಟಿಯವನು 7.

ಕಾಗುಣಿತ ಗೊತ್ತಿದ್ದವರಿಗೆ ಇದು ಒಗಟೇ ಅಲ್ಲ. ಯೂನಿಕೋಡಿನಲ್ಲಿ ಓತ್ವಕ್ಕೆ ತನ್ನದೇ ಒಂದು ಸಂಕೇತವಿದೆ. ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರನ್ನು ಸಾಲಾಗಿ ಇಟ್ಟರೂ ಪರದೆಯ ಮೇಲೆ ಅದೇ ‘ಗೋ’ ಮೂಡುತ್ತದೆ. ಅತ್ತೆಯ ಮಗ ಹಳೆಯ ಫಾಂಟಿನ ಪಟ್ಟಿಯನ್ನು ಯಾವುದೋ ಪರಿವರ್ತಕಕ್ಕೆ ಕೊಟ್ಟಿದ್ದ. ಅದು ಒಂದನೇ ತರಗತಿ ಮೇಷ್ಟರಂತೆ ಅಕ್ಷರವನ್ನು ಬಿಡಿಸಿ ಬಿಡಿಸಿ ಬರೆದಿತ್ತು. ಕಣ್ಣಿಗೆ ಒಂದೇ ಗೋಪಾಲ, ಡೇಟಾಬೇಸಿಗೆ ಇಬ್ಬರು ಅಪರಿಚಿತರು. ಹೆಸರುಗಳನ್ನೆಲ್ಲ, ಬಿಡಿ ಸಂಕೇತಗಳನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತರುವ ಎರಡು ಸಾಲು ಬರೆದು, ಹುಡುಕುವ ಪದಕ್ಕೂ ಅದನ್ನೇ ಹಚ್ಚಿ, ಗೆದ್ದೆನೆಂದು ಮಲಗಿದೆ.

ಬೆಳಿಗ್ಗೆ ಜ್ಯಾಂಗೋ ಹೊಸ ರಾಗ ತೆಗೆಯಿತು: ಒಬ್ಬರನ್ನು ಕೇಳಿದ್ದೀರಿ, ಇಬ್ಬರು ಬಂದಿದ್ದಾರೆ. ನಾನು ತಲೆ ಕೆಡಿಸಿಕೊಂಡಿದ್ದ ಹೊತ್ತಿನಲ್ಲಿ ಅಮ್ಮ, ಹೇಗೂ ಇಲ್ಲವಲ್ಲ ಎಂದು, ಮೊಬೈಲಿನಿಂದ ಮಾವನನ್ನು ಹೊಸದಾಗಿ ಸೇರಿಸಿಬಿಟ್ಟಿದ್ದಳು. ಅಷ್ಟೇ ಅಲ್ಲ, ಎರಡೂ ಸಾಲಿಗೆ ಲಗ್ನಪತ್ರಿಕೆ ಅಂಚೆಗೆ ಬಿದ್ದಾಗಿತ್ತು.

ಅಡುಗೆಯವರು ಎಲೆ ಎಷ್ಟೆಂದು ಕೇಳಿದಾಗ ಇನ್ನೊಂದು ಕಾಟ. ಆ ಹೆಚ್ಚುವರಿ ಸಾಲನ್ನು ಅಳಿಸಿದ ಮೇಲೆ ಬರುವವರು 212, ಬಾರದವರು 31. ಮೊತ್ತ 340 ಆಗಬೇಡವೇ? ಉಳಿದ 97 ಮಂದಿಯ ಅಂಕಣದಲ್ಲಿ ಹೌದೂ ಇಲ್ಲ, ಅಲ್ಲವೂ ಇಲ್ಲ, ಬರೀ ನಲ್. ಫೋನ್ ಮಾಡಿದಾಗ ಅವರೆಲ್ಲ “ನೋಡೋಣ” ಅಂದಿದ್ದರಂತೆ. ಎಸ್‌ಕ್ಯೂಎಲ್ ಮಾಡಿದವರು ನಿಜ, ಸುಳ್ಳುಗಳ ಜೊತೆ ‘ಗೊತ್ತಿಲ್ಲ’ ಎಂಬ ಮೂರನೆಯದನ್ನೂ ಯಾಕಿಟ್ಟರೆಂದು ಕಾಲೇಜಿನಲ್ಲಿ ತಿಳಿದಿರಲಿಲ್ಲ. ಅವರ ಮನೆಯಲ್ಲೂ ಮದುವೆ ನಡೆದಿರಬೇಕು.

ಸಂಜೆ ಗೋಪಾಲ ಮಾವನದೇ ಫೋನ್. “ಎರಡು ಪತ್ರಿಕೆ ಬಂದಿದೆಯಲ್ಲೋ, ಎರಡು ಸಲ ಬರಬೇಕೇನೋ?”

“ಒಂದು ಸಲ ಬನ್ನಿ ಮಾವ, ಖಂಡಿತ ಬರಬೇಕು.”

“ನೋಡೋಣ,” ಎಂದರು ಮಾವ.